ದಕ್ಷಿಣಕ್ಕೆ ನೋಡಿದ ಬಾಣ

ಎಪ್ಪತ್ತರ ದಶಕದಲ್ಲಿ ನಾನು ಗಾಳಿ ಅಳೆಯುವ ಮೀಟರು ಕೂಡಿಸುವ ಫಿಟ್ಟರ್ ಆಗಿದ್ದೆ. ನಮ್ಮದು ಪೂಜಾರಿಕೆಯ ಮನೆತನ. ಹೀಗಾಗಿ ಬೈಲಹೊಂಗಲದ ಜಿನ್ನಿಂಗ್ ಮಿಲ್ಲಿನ ಸಾವಕಾರರು ನನ್ನನ್ನು ‘ಆಚಾರ್ರ’ ಎಂದೇ ಕರೆಯುತ್ತಿದ್ದರು. ಅವರ ಮಿಲ್ಲಿನಲ್ಲಿ ದೊಡ್ಡ ಫ್ಯಾನೊಂದು ಉತ್ತರದ ಗೋದಾಮಿನಿಂದ ದಕ್ಷಿಣದ ಯಂತ್ರಕ್ಕೆ ಪೈಪಿನಲ್ಲಿ ಹತ್ತಿ ಎಳೆಯುತ್ತಿತ್ತು. ಹತ್ತಿ ಅಲ್ಲಿ ಬಿದ್ದ ಮೇಲೆ ಬರೀ ಗಾಳಿ ಮುಂದೆ ಹೋಗುವ ಕಡೆ ನಾನು ಮೀಟರು ಹಚ್ಚಬೇಕಿತ್ತು. ಮೀಟರಿನ ಮೈಮೇಲೆ ಒಂದು ಬಾಣ ಕೊರೆದಿರುತ್ತದೆ. ಗಾಳಿ ಹೋಗುವ ಕಡೆಗೇ ಅದು ಮುಖ ಮಾಡಬೇಕು. ಹಾಗೆಯೇ ದಕ್ಷಿಣಕ್ಕೆ ಮುಖ ಮಾಡಿ ಕೂಡಿಸಿ, ಬೋಲ್ಟು ಬಿಗಿದು ಊಟಕ್ಕೆ ಹೋದೆ.

ಬಂದು ಫ್ಯಾನು ಚಾಲೂ ಮಾಡಿದರೆ ಮುಳ್ಳು ಸೊನ್ನೆ ಬಿಟ್ಟು ಏಳಲೇ ಇಲ್ಲ.

“ಎಂಥಾ ಕೆಟ್ಟ ಮೀಟರ್ ತಂದೀರಿ?” ಎಂದು ಸಾವಕಾರರು ಎಲ್ಲರೆದುರು ನನ್ನ ಮಾನ ಕಳೆದರು.

ಬಗ್ಗಿ ನೋಡಿದೆ. ಬಾಣ ಉತ್ತರಕ್ಕೆ ತಿರುಗಿತ್ತು! ಅದಕ್ಕೆ ಕುಂಕುಮ ಬೇರೆ ಹಚ್ಚಿದ್ದರು.

“ಯಾರು ತಿರುಗಿಸಿದ್ರು ಇದನ್ನ?”

“ನಾನ ತಿರುವಿ ಹಚ್ಚಿಸೇನ್ರಿ,” ಎಂದರು ಸಾವಕಾರರು. “ಹೊಸಾ ಸಾಮಾನು ದಕ್ಷಿಣಕ್ಕ ಮಾರಿ ಮಾಡಿ ಕೂಡಸ್ತಾರೇನ್ರಿ? ಪೂಜಾರಿ ಮನಿತನದವ್ರು ನೀವು, ನಿಮಗ ಇಷ್ಟೂ ತಿಳೀಲಿಲ್ಲೇನ್ರಿ?”

ನನ್ನ ಮೈಯೆಲ್ಲ ಉರಿದುಹೋಯಿತು. ಬೆಳಗಿನಿಂದ ಪೈಪಿನ ಮೇಲೆ ಕೂತು ಬೆವರು ಸುರಿಸಿದವನು ನಾನು, ಇವರು ಗಾಳಿಗೇ ಶಾಸ್ತ್ರ ಹೇಳಿಕೊಡುತ್ತಾರಂತೆ!

“ಹಂಗಾರ ನಿಮ್ಮ ಹತ್ತೀನೂ ದಿನಾ ದಕ್ಷಿಣಕ್ಕ ಹೊಂಟದಲ್ರಿ! ಆ ಫ್ಯಾನೂ ತಿರುವಿ ಹಚ್ಚರಿ, ಗಾಳಿ ಉತ್ತರಕ್ಕ ಹೋಗಲಿ!” ಎಂದು ಕೂಗಾಡಿದೆ.

ಸಾವಕಾರರು ಪೈಪನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಅವರ ಮುಖ ಅರಳಿತು. ನನಗೆ ಕೈಮುಗಿದರು.

“ಇದಕ್ಕ ನೋಡ್ರಿ ಆಚಾರ್ರ ಮನಿತನ ಅನ್ನೂದು,” ಎಂದವರೇ ಆಳುಗಳ ಕಡೆ ತಿರುಗಿ ಒದರಿದರು: “ಲೇ, ಮೊದಲ ಆ ಫ್ಯಾನ್ ಬಿಚ್ಚರಲೇ!”