ಗಂಟಿನ ಜಾಗ ಬದಲಿಸುವ ಆಯಾ

ನರ್ಸಿಂಗ್ ಕಾಲೇಜಿನ ಪ್ರಯೋಗಾಲಯಕ್ಕೆ ಇನ್ನೂ ಬೆಳಕು ಬಂದಿಲ್ಲ. ಅಲ್ಲಿ ಕೆಲಸಕ್ಕಿರುವ ಆಯಾ, ಮೇಜಿನ ಮೇಲೆ ಹಳೆಯ ಟವೆಲ್ ಹಾಸಿಕೊಂಡು, ರಬ್ಬರಿನಂಥ ಮೆತ್ತನೆಯ ಸ್ತನ ಮಾದರಿಗಳನ್ನು ಒಂದೊಂದಾಗಿ ಸೋಪುನೀರಿನಲ್ಲಿ ತೊಳೆಯುತ್ತಿದ್ದಾರೆ. ಒರೆಸಿ, ಕೈಗೆ ಅಂಟದಂತೆ ಪೌಡರ್ ಹಚ್ಚಬೇಕು. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು.

ಬಂದವಳು ಮಗಳು. ಇಲ್ಲೇ ಎರಡನೇ ವರ್ಷ ಓದುತ್ತಾಳೆ. ವಾಸ ಅಂಗಳದಾಚೆಯ ಹಾಸ್ಟೆಲಿನಲ್ಲಿ.

“ಅಮ್ಮಾ, ಸೋಪು ಇದ್ಯಾ?”

“ನಿನ್ನೆ ತಾನೇ ಕೊಟ್ಟೆ. ಸೋಪು ತಿಂತೀಯೇನೇ?”

ಮಗಳು ನಗುವುದಿಲ್ಲ. ಪೌಡರ್ ಡಬ್ಬಿ ಎತ್ತಿಕೊಂಡು ಪಕ್ಕದಲ್ಲಿ ನಿಲ್ಲುತ್ತಾಳೆ. ಈ ವಾರವೆಲ್ಲ ಹೀಗೇ. ಏನಾದರೊಂದು ನೆಪ ತೆಗೆದು ಬರುತ್ತಾಳೆ, ಬಂದದ್ದೇಕೆಂದು ಹೇಳದೆಯೇ ಹೋಗುತ್ತಾಳೆ.

ಮಾದರಿಗಳ ಒಳಗೆ ಕ್ಯಾನ್ಸರ್ ಗಡ್ಡೆಯಂಥ ಗಂಟುಗಳಿವೆ. ಬೆರಳಿನಿಂದ ಅವನ್ನು ಹುಡುಕುವುದೇ ಪಾಠ. ಮೊದಲೆಲ್ಲ ದಿನವೂ ಒಂದೇ ದಿಕ್ಕಿಗೆ ಇಡುತ್ತಿದ್ದುದರಿಂದ ಹುಡುಗಿಯರಿಗೆ ಗಂಟಿನ ಜಾಗ ಬಾಯಿಪಾಠವಾಗಿತ್ತು. “ಗೊತ್ತಿರೋ ಮನೆಗೆ ಹೋದ ಹಾಗೆ ಬೆರಳು ನೆಟ್ಟಗೆ ಅಲ್ಲಿಗೇ ಹೋಗ್ತಿತ್ತು. ಎಲ್ರೂ ಪಾಸು!” ಎಂದು ಆಯಾ, ಅವರ ಕೆಲಸ ನೋಡಲು ಬಂದಿರುವ ನನ್ನತ್ತ ತಿರುಗಿ ನಗುತ್ತಾರೆ. ಟೀಚರ್ ಹೇಳಿದ ಮೇಲೆ, ದಿನಾ ಅವನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿಡುವುದೂ ಇವರದೇ ಕೆಲಸ. ಈಗ ಹುಡುಗಿಯರು ಇಡೀ ಮಾದರಿಯನ್ನು ತಾಳ್ಮೆಯಿಂದ ತಡವಿ ನೋಡುತ್ತಾರೆ. ಆದರೆ ‘ನಿಮ್ಮಲ್ಲಿ ಎಷ್ಟು ಜನ ನಿಮ್ಮನ್ನು ನೀವೇ ಹೀಗೆ ತಡವಿ ನೋಡಿಕೊಂಡಿದ್ದೀರಿ?’ ಎಂದು ಟೀಚರ್ ಕೇಳಿದರೆ ತರಗತಿಯೆಲ್ಲ ನೆಲ ನೋಡುತ್ತದೆ. ಆಯಾ ಅವರ ಮಗಳೂ ಅಷ್ಟೇ.

ಗಂಡ ತೀರಿಕೊಂಡ ಮೇಲೆ ಆಯಾ ಇಲ್ಲಿ ಸೇರಿದವರು. ಹಿಂಬದಿಯ ಒಂದೇ ಕೋಣೆಯಲ್ಲಿ ವಾಸ. ಮಗಳು ಹಾಸ್ಟೆಲ್ ಸೇರಿದಾಗಿನಿಂದ ಒಬ್ಬರೇ.

“ಒಬ್ಬಳಿಗೋಸ್ಕರ ಒಲೆ ಹಚ್ಚೋಕೇ ಬೇಜಾರು. ಅವಳ ಕಿಟಕಿ ಲೈಟು ಇಲ್ಲಿಗೆ ಕಾಣುತ್ತೆ. ಅದು ಆರಿದ ಮೇಲೆ ನಾನೂ ಮಲಗ್ತೀನಿ.” ಮಗಳು ನೀರು ಚೆಲ್ಲಲು ಹೊರಗೆ ಹೋದಾಗ ದನಿ ತಗ್ಗಿಸುತ್ತಾರೆ: “ಈ ವಾರ ಅದು ಆರ್ತಾನೇ ಇಲ್ಲ. ಏನಾಯ್ತೇ ಅಂದ್ರೆ, ‘ಏನಿಲ್ಲ ಹೋಗಮ್ಮಾ’ ಅಂತಾಳೆ. ಬಲವಂತ ಮಾಡಿ, ಬರೋದನ್ನೂ ಬಿಟ್ಬಿಟ್ರೆ? ನನಗೇನೂ ಬೇಡ. ಮನಸ್ಸಲ್ಲಿ ಇರೋದನ್ನ ನನ್ನ ಹತ್ರ ಹೇಳಿದ್ರೆ ಸಾಕು.”

ಮಗಳು ಬಕೆಟ್ ಇಟ್ಟು, ಕೊನೆಯ ಮಾದರಿಗೆ ಪೌಡರ್ ಹಚ್ಚತೊಡಗುತ್ತಾಳೆ. ಅಂಚಿನಲ್ಲಿ ಗಂಟು ಸಿಕ್ಕಿದ್ದೇ ಬೆರಳು ನಿಲ್ಲುತ್ತದೆ. ಇನ್ನೊಂದು ಕೈ ತನ್ನಷ್ಟಕ್ಕೆ ಅವಳದೇ ಕಂಕುಳ ಬಳಿ ಹೋಗುತ್ತದೆ. ಆಯಾ ಅದನ್ನು ನೋಡುತ್ತಾರೆ. ಟವೆಲ್ ಕೆಳಗಿಡುತ್ತಾರೆ. ಕಾಯುತ್ತಾರೆ.

“ಅಮ್ಮಾ, ನಂಗೂ ಇಲ್ಲೊಂದು ಸಿಕ್ಕಿದೆ. ಡಾಕ್ಟರ್ ಹತ್ರ ಹೋಗೋವಾಗ ನೀನೂ ಜೊತೆಗೆ ಬರ್ತೀಯಾ?”