ಕಬ್ಬಿನ ಹೊಲದಲ್ಲಿ ಕರೆದ ಹಾಜರಿ

ಶ್ರಾವಣಿ, ಸಮರ್ಥ,

ಶ್ರಾವಣಿ, ನೀನು ಮೊನ್ನೆ ಇಂಗ್ಲಿಷ್ ಭಾಷಣ ಸ್ಪರ್ಧೆಗೆ ಹೆಸರು ಕೊಟ್ಟು, ಮರುದಿನವೇ ಹಿಂದಕ್ಕೆ ತೆಗೆದುಕೊಂಡು ಬಂದೆ. ಯಾಕೆಂದು ಕೇಳಿದರೆ, "ನನ್ನ ಇಂಗ್ಲಿಷ್ ಕೇಳಿ ಜಮಖಂಡಿ ಹುಡುಗ್ಯಾರು ನಗ್ತಾರ ಆಯಿ" ಎಂದೆ ನೀನು. ಸಮರ್ಥ, ನೀನೂ ನಕ್ಕೆ. ನನಗೆ ನಗು ಬರಲಿಲ್ಲ. ಯಾಕೆಂದು ಬಾಯಿಂದ ಹೇಳಲು ನನಗಾಗದು. ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ನಾನು, ನಾಲ್ಕು ಜನರ ಮುಂದೆ ಮಾತಾಡಬೇಕಾದರೆ ಇಂದಿಗೂ ಹಿಂದೆ ಸರಿಯುತ್ತೇನೆ. ಅದಕ್ಕೇ ಬರೆದು ಕೊಡುತ್ತಿದ್ದೇನೆ.

ಕೊರೊನಾ ಕಳೆದು ಶಾಲೆಗಳು ಮತ್ತೆ ತೆರೆದ ಎರಡನೆಯ ವರ್ಷ ಅದು. ನಿಮ್ಮ ಮುತ್ಯಾ, ನನ್ನ ಯಜಮಾನರು, ತೀರಿಕೊಂಡಿದ್ದರು. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಕೆಲಸ ಬಿಟ್ಟು, ನಾನು ಬನಹಟ್ಟಿಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯ ಬಸ್ಸಿನಲ್ಲಿ ಆಯಾ ಆಗಿ ಸೇರಿದ್ದೆ. ಮಕ್ಕಳನ್ನು ಹತ್ತಿಸುವುದು, ಹಾಜರಿ ಕರೆಯುವುದು, ಸಂಜೆ ಒಬ್ಬೊಬ್ಬರನ್ನೂ ಕೈ ಹಿಡಿದು ಇಳಿಸಿ, ರಸ್ತೆ ದಾಟಿಸಿ, ಮನೆಯವರ ಕೈಗೆ ಒಪ್ಪಿಸುವುದು ನನ್ನ ಕೆಲಸ. ಮಕ್ಕಳು ಆಯಾ ಎನ್ನದೆ, ಅಜ್ಜಿಯನ್ನು ಕರೆಯುವ ಹಾಗೆ ಆಯಿ ಎನ್ನುತ್ತಿದ್ದರು. ಹಾಜರಿಯನ್ನು ನಾನು ಹಾಳೆ ನೋಡಿ ಕರೆಯುತ್ತಿರಲಿಲ್ಲ. ಯಾವ ಮಗು ಯಾರ ನಂತರ ಹತ್ತುತ್ತದೋ ಅದೇ ಸಾಲಿನಲ್ಲಿ ಹಾಡಿನ ಹಾಗೆ ಕರೆಯುತ್ತಿದ್ದೆ. ಮಕ್ಕಳು ಕಿಟಕಿಯ ಹೊರಗೆ ನೋಡುತ್ತಲೇ "ಪ್ರಜಂಟ ಆಯಿ" ಎನ್ನುತ್ತಿದ್ದರು. ನಿದ್ದೆಗಣ್ಣಿನಲ್ಲಿದ್ದ ಮಗು ಕೂಡ ತನ್ನ ಸರದಿ ಬಂದರೆ ತಪ್ಪುತ್ತಿರಲಿಲ್ಲ.

ಆ ಬಸ್ಸಿನಲ್ಲಿ ಇಂಗ್ಲಿಷು ಒಂದೇ ಇರಲಿಲ್ಲ. ಮನೆಯಲ್ಲಿ ಮರಾಠಿ ಆಡುವ ಮಕ್ಕಳದ್ದು ಒಂದು ಬಗೆ, ಚಿಮ್ಮಡದ ಕಡೆಯ ತೋಟದ ಮನೆಗಳ ಮಕ್ಕಳದ್ದು ಇನ್ನೊಂದು. ಇವರಿಗೆ ಸ್ಕೂಲ್ ಎಂದರೆ ಇಸ್ಕೂಲ, ಸ್ಟಾಪ್ ಎಂದರೆ ಇಸ್ಟಾಪ. ಆ ವರ್ಷ ಬಂದ ರೂಪಾ ಮಿಸ್ ಮಂಡ್ಯದ ಕಡೆಯವರು. ಅವರು ಪಾಠದಲ್ಲಿ ಇಂಗ್ಲಿಷನ್ನು ಅಳೆದು ತೂಗಿ ಆಡುತ್ತಿದ್ದರು. ಕನ್ನಡದ ನಡುವೆ ಬಂದರೆ ಮಾತ್ರ ಅದು ಬಸ್ಸು, ಬ್ಯಾಗು, ಬುಕ್ಕು ಆಗುತ್ತಿತ್ತು. ನಮ್ಮ ಡ್ರೈವರ್ ದಸ್ತಗೀರಣ್ಣ ಒಮ್ಮೆ ಹೇಳಿದ: "ಅಕ್ಕಾರ, ಮಿಸ್ಸಾರು ಹಿಂದ ಒಂದು ಬಾಲಾ ಹಚ್ಚತಾರ, ನಮ್ಮ ಹುಡುಗರು ಮುಂದ ಒಂದು ಕೋಡು ಹಚ್ಚತಾವ. ಇಂಗ್ಲಿಷಿನ ಎಮ್ಮಿ ಈಗ ಪೂರಾ ಆತ ನೋಡ್ರಿ."

ನಾವಿಬ್ಬರೂ ನಕ್ಕಿದ್ದೆವು. ಆ ನಗು ಬಹಳ ದಿನ ಉಳಿಯಲಿಲ್ಲ.

ಬಸ್ಸಿನಲ್ಲೂ ಇಂಗ್ಲಿಷೇ ಇರಬೇಕು ಎಂದು ಶಾಲೆಯವರು ಒಂದು ನಿಯಮ ತಂದರು. ಸಂಜೆ ಇಳಿಯುವ ಮುನ್ನ ಪ್ರತಿ ಮಗುವೂ ಬಾಗಿಲ ಬಳಿ ನಿಂತು, "ಥ್ಯಾಂಕ್ ಯೂ, ದಿಸ್ ಈಸ್ ಮೈ ಸ್ಟಾಪ್" ಎಂದು ಸ್ಪಷ್ಟವಾಗಿ ಹೇಳಬೇಕು. ತಪ್ಪಿದರೆ ಮತ್ತೊಮ್ಮೆ, ಮತ್ತೂ ತಪ್ಪಿದರೆ ಇನ್ನೊಮ್ಮೆ. ಅದನ್ನು ಕೇಳಿಸಿಕೊಳ್ಳಲು ರೂಪಾ ಮಿಸ್ ಕೊನೆಯ ನಿಲುಗಡೆಯವರೆಗೂ ನಮ್ಮ ಜೊತೆ ಬರತೊಡಗಿದರು. ಅವರು ಎಂದೂ ಕೈ ಎತ್ತಿದವರಲ್ಲ, ದನಿಯೂ ಏರುತ್ತಿರಲಿಲ್ಲ. "ಸ್ಟಾಪ್. ಇಸ್ಟಾಪ್ ಅಲ್ಲ. ಅಗೇನ್" ಎನ್ನುತ್ತಿದ್ದರು, ಅಷ್ಟೇ. ಆದರೆ ಬಾಗಿಲಲ್ಲಿ ನಿಂತ ಮಗುವಿನ ಬೆನ್ನಿಗೆ ಇಡೀ ಬಸ್ಸಿನ ಕಣ್ಣುಗಳಿರುತ್ತಿದ್ದವು.

ಒಂದನೆಯ ತರಗತಿಯ ಪಲ್ಲವಿಗೆ ಇದು ಎಲ್ಲರಿಗಿಂತ ಕಷ್ಟವಾಯಿತು. ಅವಳದು ಚಿಮ್ಮಡದ ದಾರಿಯ ತೋಟದ ಮನೆ. ಆ ನಿಲುಗಡೆಯಲ್ಲಿ ಇಳಿಯುವವಳು ಅವಳೊಬ್ಬಳೇ. ಎಷ್ಟು ಸಲ ಹೇಳಿದರೂ ಇಸ್ಟಾಪ ಎಂದೇ ಬರುತ್ತಿತ್ತು. ದೊಡ್ಡ ಹುಡುಗರು ಅವಳಿಗಿಂತ ಮೊದಲೇ "ಇಸ್ಟಾಪ" ಎಂದು ಕೂಗಿ ನಗುತ್ತಿದ್ದರು. ಬರಬರುತ್ತಾ ಅವಳು ತನ್ನ ನಿಲುಗಡೆ ಹತ್ತಿರವಾದಂತೆ ನನ್ನ ಸೆರಗಿನ ತುದಿ ಹಿಡಿದುಕೊಳ್ಳತೊಡಗಿದಳು. ಆ ಕೈ ತಣ್ಣಗಿರುತ್ತಿತ್ತು.

ಕಬ್ಬು ಕಡಿಯುವ ಕಾಲ. ಹೊತ್ತು ಬೇಗ ಮುಳುಗುತ್ತಿತ್ತು. ಆ ಸಂಜೆ ಪಲ್ಲವಿಯದಕ್ಕಿಂತ ಒಂದು ನಿಲುಗಡೆ ಮೊದಲು ಬಸ್ಸು ನಿಂತಿತು. ಅಲ್ಲಿ ಬಹಳ ಮಕ್ಕಳು ಒಟ್ಟಿಗೆ ಇಳಿಯುತ್ತಾರೆ, ಆ ಮಾತನ್ನೂ ಒಟ್ಟಿಗೇ ಕೂಗಿಬಿಡುತ್ತಿದ್ದರು, ಒಬ್ಬೊಬ್ಬರದನ್ನೇ ಕೇಳಲು ಮಿಸ್ಸಿಗೂ ಆಗುತ್ತಿರಲಿಲ್ಲ. ಎದುರಿನಿಂದ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಬರುತ್ತಿದ್ದವು. ನಾನು ಸಣ್ಣವರನ್ನು ಎರಡೂ ಕೈಯಲ್ಲಿ ಹಿಡಿದು ರಸ್ತೆ ದಾಟಿಸಿ ಬಂದೆ. ಬಸ್ಸು ಹೊರಟಿತು. ಪಲ್ಲವಿಯ ನಿಲುಗಡೆ ಬಂದಾಗ ಅವಳ ಸೀಟು ಖಾಲಿ ಇತ್ತು. ಅವಳ ಚೀಲ ಡ್ರೈವರ್ ಪಕ್ಕದಲ್ಲಿ, ಸಣ್ಣವರ ಚೀಲಗಳನ್ನು ಒಟ್ಟುವ ಜಾಗದಲ್ಲಿ, ಹಾಗೆಯೇ ಇತ್ತು.

ಕೆಳಗೆ ಅವಳ ತಾಯಿ ಸಾವಿತ್ರಿ ಕೈ ಚಾಚಿ ನಿಂತಿದ್ದಳು. "ನಮ್ಮ ಪಲ್ಲವಿ ಎಲ್ಲದಾಳ್ರಿ ಆಯಿ?" ಎಂದಳು. ನಾನು ಬಸ್ಸಿನೊಳಗೆ ತಿರುಗಿ ಓಡಿದೆ.

ಸೀಟುಗಳ ಕೆಳಗೆ ಹುಡುಕಿದೆವು. ಕೊನೆಗೆ ಹಿಂದಿನ ಸೀಟಿನ ಒಂದು ಹುಡುಗಿ ಮೆಲ್ಲಗೆ ಹೇಳಿದಳು: "ಆಕಿ ದೊಡ್ಡವರ ಹಿಂದ ಇಳದಳ್ರಿ. ಗುಂಪಿನ್ಯಾಗ ಇಳದ್ರ ಹೇಳೂದು ಬ್ಯಾಡ ಅಂದ್ಲು." ಆಗ ಎಲ್ಲವೂ ತಿಳಿಯಿತು. ಒಬ್ಬಳೇ ನಿಂತು ಆ ಮಾತು ಹೇಳುವುದನ್ನು ತಪ್ಪಿಸಿಕೊಳ್ಳಲು ಮಗು ಗುಂಪಿನಲ್ಲಿ ಸೇರಿ ಒಂದು ನಿಲುಗಡೆ ಮೊದಲೇ ಇಳಿದಿತ್ತು. ಅಲ್ಲಿಂದ ಮನೆಗೆ ರಸ್ತೆಯಲ್ಲಿ ನಡೆದಿದ್ದರೆ ಬಸ್ಸು ಅವಳನ್ನು ದಾಟಿ ಬರಬೇಕಿತ್ತು. ರಸ್ತೆಯಲ್ಲಿ ಯಾರೂ ಕಂಡಿರಲಿಲ್ಲ. ಹಾಗಾದರೆ ಅವಳು ಕಬ್ಬಿನೊಳಗೆ ಹೋಗಿದ್ದಳು.

ಕಬ್ಬಿನ ಹೊಲವನ್ನು ನೀವು ರಸ್ತೆಯಿಂದ ನೋಡಿದ್ದೀರಿ, ಒಳಗೆ ಹೋಗಿಲ್ಲ. ಆಳೆತ್ತರ ದಾಟಿದ ಬೆಳೆಯೊಳಗೆ ಹತ್ತು ಹೆಜ್ಜೆ ಇಟ್ಟರೆ ದೊಡ್ಡವರಿಗೇ ದಿಕ್ಕು ತಪ್ಪುತ್ತದೆ. ಆ ಹಿಂದಿನ ನಿಲುಗಡೆಗೆ ತಾಗಿದ ಹೊಲದ ನಡುವೆ ಕಟ್ಟೆಯಿಲ್ಲದ ಒಂದು ಬಾವಿ ಇತ್ತು. ಪಕ್ಕದ ಹೊಲದಲ್ಲಿ ಕಬ್ಬು ಕಡಿದಾಗಿತ್ತು, ನೆಲದ ಮೇಲೆ ಕಬ್ಬಿನ ಒಣ ಎಲೆಗಳ ರವದಿ ಹಾಸಿಕೊಂಡಿತ್ತು. ಸಂಜೆ ಗಾಳಿ ನಿಂತ ಮೇಲೆ ಅದಕ್ಕೆ ಬೆಂಕಿ ಇಡುವುದು ರೂಢಿ. ಸಾವಿತ್ರಿಯನ್ನೂ ಹತ್ತಿಸಿಕೊಂಡು, ಬಸ್ಸು ತಿರುಗಿಸಿ ನಾವು ಅಲ್ಲಿಗೆ ಬಂದಾಗ ಒಬ್ಬ ಕೈಯಲ್ಲಿ ಕಡ್ಡಿಪೆಟ್ಟಿಗೆ ಹಿಡಿದೇ ನಿಂತಿದ್ದ. ದಸ್ತಗೀರಣ್ಣ ಬಸ್ಸಿನಿಂದ ಜಿಗಿದು ಓಡಿ ಅವನ ಕೈ ಹಿಡಿದುಕೊಂಡ. "ಕೂಸು ಒಳಗೈತೋ ಮಾರಾಯಾ" ಎಂದ. ಇನ್ನೂ ಎಷ್ಟು ಹೊಲಗಳಲ್ಲಿ ಎಷ್ಟು ಜನ ಕಡ್ಡಿ ಗೀರುತ್ತಿದ್ದಾರೋ ಎಂದು ಸುತ್ತಲೂ ನೋಡಿದೆ. ದೂರದಲ್ಲಿ ಆಗಲೇ ಎರಡು ಕಡೆ ಹೊಗೆ ಎದ್ದಿತ್ತು.

ಜನ ಸೇರಿದರು. ಕಬ್ಬು ಕಡಿಯುವವರು, ಪಲ್ಲವಿಯ ತಂದೆ, ದಾರಿಹೋಕರು. ಎಲ್ಲರೂ ಮೊಬೈಲಿನ ಬೆಳಕು ಹಿಡಿದು ಅವಳ ಹೆಸರು ಕೂಗುತ್ತಾ ಒಳಗೆ ನುಗ್ಗಿದರು. ರೂಪಾ ಮಿಸ್ ಬದುವಿನ ಮೇಲೆ ನಿಂತು, "ಪಲ್ಲವಿ, ಬಾ ಪುಟ್ಟಿ, ನಾನು ಬಯ್ಯಲ್ಲ" ಎಂದು ಕರೆದರು. ಆಗ ನಮ್ಮ ಹತ್ತಿರದಲ್ಲೇ ಕಬ್ಬಿನ ಎಲೆಗಳು ಸರಕ್ಕನೆ ಅಲುಗಿ, ಆ ಅಲುಗಾಟ ಒಳಗೊಳಗೆ, ಬಾವಿಯ ಕಡೆ ಸರಿಯಿತು.

ಮಿಸ್ ಕರೆಯುವುದನ್ನು ನಿಲ್ಲಿಸಿದರು. "ನನ್ನ ಧ್ವನಿ ಕೇಳಿ ಓಡ್ತಿದಾಳೆ ಆಯಿ" ಎಂದರು.

ಎಲ್ಲರ ದನಿಗೂ ಓಡುತ್ತಿದ್ದಳು. ಕೂಗಿದಷ್ಟೂ ಬಾವಿಗೆ ಹತ್ತಿರ ಹೋಗುತ್ತಿದ್ದಳು. ನನಗೆ ತೋಚಿದ್ದು ಒಂದೇ. ಆದರೆ ಅದಕ್ಕೆ ಅಷ್ಟು ಗಂಡಸರನ್ನು ನಾನು ಸುಮ್ಮನಿರಿಸಬೇಕಿತ್ತು. ಸೆರಗು ತಲೆಯ ಮೇಲಿಂದ ಸರಿಯದ ಹಾಗೆ ಬದುಕಿದವಳು ನಾನು. ದಸ್ತಗೀರಣ್ಣನ ಕಿವಿಯಲ್ಲಿ ಹೇಳಿದೆ. ಅವನು ಎಲ್ಲರಿಗೂ ಗದರಿದ: "ಯಾರೂ ಒದರಬ್ಯಾಡ್ರಿ. ನಿಂತಲ್ಲೇ ನಿಲ್ರಿ. ಅಕ್ಕಾರ ಕರೀತಾರ."

ಎಲ್ಲ ಕಡೆ ಮೌನವಾಯಿತು. ನಾನು ಬದುವಿನ ಮೇಲೆ ನಿಂತು, ದಿನಾ ಬಸ್ಸಿನಲ್ಲಿ ಕರೆಯುವ ಹಾಗೆ ಮೊದಲ ಹೆಸರು ಕರೆದೆ. "ಆಕಾಶ." ಉತ್ತರ ಕೊಡಲು ಅಲ್ಲಿ ಆಕಾಶ ಇರಲಿಲ್ಲ, ಮನೆ ಸೇರಿದ್ದ. ಈ ಮೌನ ಹೀಗೇ ಉಳಿದರೆ ಇದು ಹಾಜರಿ ಎಂದು ಮಗುವಿಗೆ ಹೇಗೆ ತಿಳಿದೀತು ಎಂದುಕೊಳ್ಳುವಷ್ಟರಲ್ಲಿ ಪಕ್ಕದಿಂದ ಒಂದು ಸಣ್ಣ ದನಿ ಬಂತು.

"ಪ್ರಜಂಟ ಆಯಿ."

ರೂಪಾ ಮಿಸ್. ಮಕ್ಕಳು ಹೇಳುವ ಹಾಗೆಯೇ, ನಮ್ಮ ಕಡೆಯ ಹಾಗೆಯೇ ಹೇಳಿದ್ದರು.

"ಸಾನಿಕಾ" ಎಂದೆ. "ಪ್ರಜಂಟ ಆಯಿ" ಎಂದರು ಮಿಸ್. "ವಿಜಯ" ಎಂದೆ. ಈ ಸಲ ದಸ್ತಗೀರಣ್ಣ ಗಂಟಲು ಸಣ್ಣ ಮಾಡಿಕೊಂಡು ಉತ್ತರಿಸಿದ. ಹೀಗೆ ಸಾಲು ನಡೆಯಿತು. ಅವಳ ಹೆಸರಿಗೆ ಮೊದಲಿನದು ಮುಗಿಯಿತು.

"ಪಲ್ಲವಿ."

ಏನೂ ಇಲ್ಲ. ದೂರದ ರವದಿ ಚಟಪಟ ಉರಿಯುವುದು ಕೇಳುತ್ತಿತ್ತು. ಸಾವಿತ್ರಿ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳು. ನಾನು ಮುಂದಿನ ಹೆಸರಿಗೆ ಹೋಗಲಿಲ್ಲ. ಬಸ್ಸಿನಲ್ಲಿ ಅವಳಿಗೆ ನಿದ್ದೆ ಬಂದಾಗ ಕರೆಯುವ ಹಾಗೆ, ಇನ್ನೂ ಮೆಲ್ಲಗೆ ಕರೆದೆ. "ಪಲ್ಲವೀ."

"ಪ್ರಜಂಟ ಆಯಿ."

ಅಳುವಿನಲ್ಲಿ ನೆನೆದ ದನಿ. "ಅಲ್ಲೇ ಕುಂದರವ್ವಾ, ಏಳಬ್ಯಾಡ. ನಾ ಬರಾಕತ್ತೇನಿ" ಎಂದೆ. ಮತ್ತೆ ಮತ್ತೆ ಹೆಸರು ಕರೆಯುತ್ತಾ ಹೋದೆ, ಅವಳು ಮತ್ತೆ ಮತ್ತೆ ಉತ್ತರಿಸಿದಳು, ಆ ದನಿ ಹಿಡಿದು ಅವಳ ತಂದೆ ಮತ್ತು ನಾನು ಅವಳನ್ನು ಮುಟ್ಟಿದೆವು. ಬಾವಿಯ ಬಾಯಿ ಅಲ್ಲಿಂದ ಕಾಣುತ್ತಿತ್ತು. ಅವಳ ಮುಖ, ಕೈಗಳ ಮೇಲೆಲ್ಲ ಕಬ್ಬಿನ ಎಲೆ ಗೀರಿದ ಕೆಂಪು ಗೆರೆಗಳು. ತಂದೆ ಎತ್ತಿಕೊಂಡು ಬದುವಿಗೆ ತಂದಾಗ ಅವಳು ನನ್ನನ್ನು ಕೇಳಿದ ಮೊದಲ ಮಾತು: "ನಾ ಈಗ ಹೇಳಬೇಕೇನ್ರಿ ಆಯಿ, ಮಾಯಿ ಇಸ್ಟಾಪ?"

ರೂಪಾ ಮಿಸ್ ಆ ಮಾತು ಕೇಳಿ ಬದುವಿನ ಮೇಲೆ ಕುಸಿದು ಕುಳಿತರು.

ಉಳಿದ ಮಕ್ಕಳನ್ನೂ ಮನೆ ಮುಟ್ಟಿಸಿ ಹಿಂದಿರುಗುವಾಗ ಖಾಲಿ ಬಸ್ಸಿನಲ್ಲಿ ಅವರು ನನ್ನ ಪಕ್ಕ ಬಂದು ಕುಳಿತರು. "ನನಗೂ ನಗ್ತಿದ್ರು ಆಯಿ" ಎಂದರು. "ನಮ್ಮೂರಲ್ಲಿ ಹ ಅನ್ನೋದೇ ಕಮ್ಮಿ. ಹೌಸ್ ಅನ್ನೋಕೆ ಔಸ್ ಅಂತಿದ್ದೆ. ಕಾಲೇಜಲ್ಲಿ ನನಗೆ ಔಸ್ ಅಂತಲೇ ಹೆಸರಿಟ್ಟಿದ್ರು. ಕನ್ನಡಿ ಮುಂದೆ ನಿಂತು ನಿಂತು ಸರಿ ಮಾಡ್ಕೊಂಡೆ. ಈ ಮಕ್ಕಳಿಗೆ ಅದು ಆಗಬಾರದು ಅಂತಲೇ ತಿದ್ದುತ್ತಿದ್ದೆ." ದಸ್ತಗೀರಣ್ಣ ಆ ದಿನ ಚೇಷ್ಟೆ ಮಾಡಲಿಲ್ಲ.

ಮರುದಿನ ಮಿಸ್ಸೇ ಹೋಗಿ ಶಾಲೆಯವರ ಜೊತೆ ಮಾತಾಡಿ ಆ ನಿಯಮ ತೆಗೆಸಿದರು. ಇಂಗ್ಲಿಷ್ ಕಲಿಸುವುದನ್ನು ಬಿಡಲಿಲ್ಲ. ತರಗತಿಯಲ್ಲಿ ತಿದ್ದುತ್ತಿದ್ದರು, ಬಾಗಿಲಲ್ಲಿ ನಿಲ್ಲಿಸಿ ಅಲ್ಲ. ಮೊದಲು ತಾವು ಔಸ್ ಎಂದು ಹೇಳಿ ತೋರಿಸಿ, ಮಕ್ಕಳನ್ನು ನಗಿಸಿ, ಆಮೇಲೆ ಹೌಸ್ ಹೇಳಿಸುತ್ತಿದ್ದರಂತೆ. ಪಲ್ಲವಿ ಈಗ ಸ್ಟಾಪ್ ಎಂದು ಚೊಕ್ಕವಾಗಿ ಹೇಳುತ್ತಾಳೆ. ಬನಹಟ್ಟಿಯ ಪೇಟೆಯಲ್ಲಿ ನನ್ನನ್ನು ಕಂಡರೆ ಮಾತ್ರ ದೂರದಿಂದಲೇ "ಪ್ರಜಂಟ ಆಯಿ" ಎನ್ನುತ್ತಾಳೆ.

ಮಕ್ಕಳನ್ನು ಕಾಯುವ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಮಗು ಹೇಗೆ ಉತ್ತರಿಸಿತು ಎಂಬುದು ಆಮೇಲಿನ ಮಾತು, ಉತ್ತರಿಸಿದರೆ ಅದು ಎಲ್ಲಿದೆ ಎಂದಾದರೂ ತಿಳಿಯುತ್ತದೆ. ಶ್ರಾವಣಿ, ನೀನು ಹೆಸರು ಹಿಂದಕ್ಕೆ ತೆಗೆದುಕೊಂಡೆ ಎಂದಾಗ ನನ್ನ ಕಿವಿಯಲ್ಲಿ ಆ ಎಲೆಗಳು ಸರಕ್ಕನೆ ಅಲುಗಿದವು. ಸಮರ್ಥ, ನೀನು ನಕ್ಕಾಗಲೂ ಅವೇ ಅಲುಗಿದವು.

ಈ ಹಾಳೆಗಳನ್ನು ಒದ್ದೆಯಾಗದ ಕಡೆ ಜೋಪಾನವಾಗಿ ಇಡಿ. ನಾಳೆ ನಿಮ್ಮ ಮನೆಯಲ್ಲಿ ಒಂದು ಮಗು ಕರೆದರೂ ಓಗೊಡದೆ ಕುಳಿತ ದಿನ, ತೆಗೆದು ಓದಬೇಕು.