ಪ್ಲಾಸ್ಟಿಕ್ ಪ್ಲಗ್ಗು, ಕಬ್ಬಿಣದ ಕೈ

ಬೆಳಿಗ್ಗೆ ಎಂಟಕ್ಕೆ ಬ್ರಿಜೀತ ಕೈಪಂಪು ಒತ್ತಿ ಒತ್ತಿ ದಿವಾಕರನ್‌ನ ಹೊಸ ಮನೆಯ ಪೈಪುಗಳಿಗೆಲ್ಲ ನೀರು ತುಂಬಿಸಿ, ಎಲ್ಲಾದರೂ ಸೋರುತ್ತದೋ ಎಂದು ನೋಡಲು ಒತ್ತಡವನ್ನು ಹತ್ತಕ್ಕೆ ಏರಿಸಿ, ಬಕೆಟ್ಟೊಂದನ್ನು ಬೋರಲು ಹಾಕಿಕೊಂಡು ಮೀಟರಿನ ಮುಂದೆ ಕೂತಳು. ಎಂಟೂವರೆಗೆ ಮುಳ್ಳು ಹತ್ತಕ್ಕಿಂತ ಒಂದು ಎಳೆ ಕೆಳಗಿತ್ತು. ಕಣ್ಣಿನ ಭ್ರಮೆ ಇರಬೇಕು ಅಂದುಕೊಂಡಳು. ಒಂಬತ್ತು ಗಂಟೆಗೆ ಮುಳ್ಳು ಒಂಬತ್ತೂವರೆ ಅಂಕಕ್ಕೆ ಇಳಿದಿತ್ತು. ಭ್ರಮೆ ಅಷ್ಟು ದೂರ ನಡೆಯುವುದಿಲ್ಲ.

ಮರುದಿನ ಒಂಬತ್ತಕ್ಕೆ ಟೈಲ್ಸ್ ಅಸೀಸ್ ಬಂದು ಗೋಡೆಗಳನ್ನೆಲ್ಲ ಮುಚ್ಚುವವನಿದ್ದ. ಗುರುವಾರ ಹಾಲು ಉಕ್ಕಿಸಿ ಮನೆ ಹೊಗುವುದು. ಒಡೆದ ನಲ್ಲಿ, ಸೋರುವ ಟ್ಯಾಂಕು, ಕಟ್ಟಿಕೊಂಡ ಸಿಂಕು, ಇಂಥವನ್ನು ಬ್ರಿಜೀತ ಆರು ವರ್ಷದಿಂದ ಮಾಡುತ್ತಿದ್ದಳು. ಆದರೆ ಇಡೀ ಮನೆಯ ನೀರಿನ ಕೆಲಸವನ್ನು ಒಬ್ಬ ಹೆಂಗಸಿನ ಕೈಗೆ ಒಪ್ಪಿಸಿದವನು ವೈಪಿನ್ ದ್ವೀಪದಲ್ಲಿ ದಿವಾಕರನ್ ಒಬ್ಬನೇ. ಇದು ಸೋರದೆ ನಿಂತರೆ ಅವಳಿಗೆ ಇನ್ನೊಂದು ಮನೆ ಸಿಗುತ್ತದೆ. ಸೋರಿದರೆ ಮತ್ತೆ ಜೀವನಪೂರ್ತಿ ಸಿಂಕಿನ ಕಸ ತೆಗೆಯುವುದೇ. ಇಷ್ಟು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ದಿವಾಕರನ್ ಸುಲಭಕ್ಕೆ ಒಪ್ಪಿದವನಲ್ಲ. ಮೂವತ್ತು ವರ್ಷ ಬೋಟ್ ಓಡಿಸಿ ನಿವೃತ್ತನಾದ ಮನುಷ್ಯ. ಕಬ್ಬಿಣ ಬಿಟ್ಟು ಬೇರೆ ಯಾವುದನ್ನೂ ನಂಬುವವನಲ್ಲ.

"ನಮ್ಮಪ್ಪನ ಮನೆಗೆ ನಿನ್ನ ಮಾವ ಪೈಲಿ ಆಶಾನ್ ಹಾಕಿದ್ದು ಕಬ್ಬಿಣ. ಅದೇ ಹಾಕು" ಅಂದಿದ್ದ.

ಬ್ರಿಜೀತ ವಾದ ಮಾಡಲಿಲ್ಲ. ಅವನನ್ನು ಅವನಪ್ಪನ ಮನೆಯ ಹಿತ್ತಲಿಗೇ ಕರೆದುಕೊಂಡು ಹೋಗಿ, ಪೈಪಿನ ಕೊನೆ ಮುಚ್ಚಿದ್ದ ಕಬ್ಬಿಣದ ಮುಚ್ಚಳವನ್ನು ಉಗುರಿನಲ್ಲಿ ಕೆರೆದಳು. ಹಪ್ಪಳದ ಹಾಗೆ ಪದರ ಪದರವಾಗಿ ಉದುರಿತು. ಒಂದು ಕಡೆ ಕಡಲು, ಇನ್ನೊಂದು ಕಡೆ ಹಿನ್ನೀರು. ಇಲ್ಲಿ ಗಾಳಿಯೂ ಉಪ್ಪು, ಬಾವಿಯೂ ಉಪ್ಪು. ಆಮೇಲೆ ಚೀಲದಿಂದ ಪ್ಲಾಸ್ಟಿಕ್ಕಿನದೊಂದು ಎಂಡ್ ಕ್ಯಾಪ್ ತೆಗೆದು ಅವನ ಅಂಗೈಗೆ ಇಟ್ಟಳು.

"ಇದೇನೇ ಇದು, ಕೆಮ್ಮಿನ ಔಷಧಿ ಮುಚ್ಚಳ!" ಅಂದ ದಿವಾಕರನ್.

"ಮುಚ್ಚಳವೇ ಚೇಟ್ಟ. ಉಪ್ಪು ಇದನ್ನ ಮೂಸಿಯೂ ನೋಡಲ್ಲ. ಪೈಪಿಗೆ ತಿರುಪಿನ ಮರೆ ಕೊರೆಯೋ ಯಂತ್ರ ಬೇಡ, ಬೆಂಕಿ ಬೇಡ. ಸಲ್ಯೂಷನ್ ಹಚ್ಚಿ ಒತ್ತಿ ಹಿಡಿದ್ರೆ ಮುಗೀತು. ನಾಳೆ ಇನ್ನೊಂದು ನಲ್ಲಿ ಬೇಕು ಅಂದ್ರೆ ಇದನ್ನ ಕತ್ತರಿಸಿ ಮುಂದಕ್ಕೆ ಎಳೀಬಹುದು. ಮನೆಗೆ ಬೇಕಾದಷ್ಟನ್ನೂ ಒಂದೇ ಚೀಲದಲ್ಲಿ ನಾನೇ ಹೊತ್ಕೊಂಡು ಬರ್ತೀನಿ."

"ನಿನ್ನ ಮಾತಿನ ಮೇಲೆ ಹಾಕಿಸ್ತೀನಿ. ಒಂದು ಹನಿ ಸೋರಲಿ, ಬೋಟ್ ಜೆಟ್ಟಿಯಲ್ಲಿ ನಿಂತು ಸಾರ್ತೀನಿ ನೋಡು."

ಹೇಳಿದ್ದನ್ನು ಮಾಡುವ ಆಸಾಮಿ ಅವನು.

ಈಗ ಅವಳು ಎದ್ದು ಹುಡುಕತೊಡಗಿದಳು. ಅಡುಗೆಮನೆಯಲ್ಲಿ ನಾಲ್ಕು, ಮುಂದಿನ ಬಚ್ಚಲಲ್ಲಿ ಆರು, ಹಿಂದಿನದರಲ್ಲಿ ಏಳು, ಒಟ್ಟು ಹದಿನೇಳು ಕಡೆ ಪೈಪು ಗೋಡೆಯಿಂದ ಬಾಯಿ ತೆರೆದಿತ್ತು. ಮುಂದೆ ನಲ್ಲಿ ಕೂರುವ ಆ ಬಾಯಿಗಳಿಗೆಲ್ಲ ಸದ್ಯಕ್ಕೆ ಪ್ಲಾಸ್ಟಿಕ್ ಎಂಡ್ ಪ್ಲಗ್ ತಿರುಗಿಸಿ ಮುಚ್ಚಿದ್ದಳು. ಒಂದೊಂದನ್ನೂ ಒಣಬಟ್ಟೆಯಲ್ಲಿ ಒರೆಸಿ, ಸುತ್ತ ಮುಖದ ಪೌಡರ್ ಉದುರಿಸಿ ಕಾದಳು. ಪೌಡರ್ ಒದ್ದೆಯಾದರೆ ಕಳ್ಳ ಸಿಕ್ಕ ಹಾಗೆ.

"ಏನಾಯ್ತು ಬ್ರಿಜೀತೇ, ಮನೆಗೆ ಪೌಡರ್ ಹಾಕಿ ಮದುವೆ ಮಾಡಿಸ್ತಿದ್ದೀಯಾ?" ದಿವಾಕರನ್ ಬಾಗಿಲಲ್ಲಿ ನಿಂತು ಕೇಳಿದ.

"ಏನಿಲ್ಲ ಚೇಟ್ಟ, ಸುಮ್ನೆ ನೋಡ್ತಿದ್ದೀನಿ" ಅಂದಳು.

ಹಿಂದಿನ ಬಚ್ಚಲಿನ ಮೂರನೆಯದರಲ್ಲಿ ಸಿಕ್ಕಿತು. ಪ್ಲಗ್ ಸರಿಯಾಗಿಯೇ ಇತ್ತು. ಅದು ಕೂತಿದ್ದ ಎಲ್ಬೋದ, ಪೈಪಿನ ತುದಿಯ ಆ ಬಾಗಿದ ತುಂಡಿನ, ಮೈಯಲ್ಲಿ ಕೂದಲೆಳೆಯಷ್ಟು ಸೀಳು, ಸೀಳಿನ ಮೇಲೆ ಒಂದು ಹನಿ. ಎಲ್ಬೋ ಸೀಳುವುದು ಒಂದೇ ಕಾರಣಕ್ಕೆ, ಅತಿಯಾಗಿ ಬಿಗಿ ಮಾಡಿದಾಗ. ಅವಳ ಪದ್ಧತಿ ಯಾವಾಗಲೂ ಒಂದೇ: ಪ್ಲಗ್ಗಿನ ಮರೆಗೆ ಟೇಪ್ ಸುತ್ತಿ, ಬರಿಗೈಯಲ್ಲಿ ನಿಲ್ಲುವವರೆಗೆ ತಿರುಗಿಸಿ, ಆಮೇಲೆ ಸಣ್ಣ ಸ್ಪ್ಯಾನರಿನಿಂದ ಕಾಲು ಸುತ್ತು. ಅದರಾಚೆ ಹೋಗುವುದಿಲ್ಲ. ಹಾಗಿದ್ದರೆ?

ಬಗ್ಗಿ ನೋಡಿದಳು. ಪ್ಲಗ್ಗಿನ ತಲೆಯ ಮೇಲೆ ಸಾಲಾಗಿ ಹಲ್ಲಿನ ಗುರುತು. ನಡುವೆ ಒಂದು ಹಲ್ಲಿನಷ್ಟು ಜಾಗ ಖಾಲಿ. ಒಂದು ಹಲ್ಲು ಮುರಿದ ಪೈಪ್ ರೆಂಚು ಈ ದ್ವೀಪದಲ್ಲಿ ಇದ್ದದ್ದು ಒಂದೇ. ಅದು ಅವಳ ಮನೆಯ ಮಂಚದ ಕೆಳಗಿರುತ್ತಿತ್ತು.

"ಸುಮತಿ ಚೇಚಿ, ನಿನ್ನೆ ನಾನು ಸಂಘದ ಸಭೆಗೆ ಹೋಗಿದ್ದಾಗ ಯಾರಾದ್ರೂ ಬಂದಿದ್ರಾ?" ಎಂದು ದಿವಾಕರನ್‌ನ ಹೆಂಡತಿಯನ್ನು ಕೇಳಿದಳು.

"ಬಂದಿದ್ರಲ್ಲ, ನಿನ್ನ ಮಾವ, ಅಪ್ಪಚ್ಚ! ಪಾಪ, ಅಷ್ಟೊಂದು ವಯಸ್ಸಾಗಿದೆ. ಪ್ರತಿಯೊಂದರ ಮುಂದೆ ಕೂತು ಎಲ್ಲಾನೂ ಗಟ್ಟಿ ಮಾಡಿದ್ರು. ಕಟ್ಟನ್ ಚಹಾ ಕೊಟ್ಟೆ, ಕುಡಿದ್ರು. ಇನ್ನು ಹೆದರೋದು ಬೇಡ ಅಂದು ಹೋದ್ರು."

ಬ್ರಿಜೀತ ಹದಿನೇಳನ್ನೂ ನೋಡಿಬಂದಳು. ಹದಿನೇಳರ ಮೇಲೂ ಆ ಹಲ್ಲು.

ಪೈಲಿ ಆಶಾನ್ ನಲವತ್ತು ವರ್ಷ ದ್ವೀಪಕ್ಕೆಲ್ಲ ಕಬ್ಬಿಣದ ಪೈಪು ಹಾಕಿದವರು, ಅದಕ್ಕೇ ಗುರು ಎನ್ನುವ ಅರ್ಥದಲ್ಲಿ ಎಲ್ಲರ ಬಾಯಲ್ಲೂ ಆಶಾನ್. ತೋಳುದ್ದದ ರೆಂಚು ಹಿಡಿದು, ಸಂದಿಗೆ ಸೆಣಬಿನ ನಾರು ಸುತ್ತಿ, ಬಣ್ಣ ಮೆತ್ತಿ ಬಿಗಿಯುವರು. ನೋಡುವವರಿಗೆ ಇನ್ನು ಸಾಕು ಅನ್ನಿಸಿದ ಮೇಲೆ ಅವರು "ಇನ್ನೊಂದು ಸುತ್ತು" ಎಂದು ಮುಕ್ಕರಿಸಿ ಒಂದು ಸುತ್ತು ತಿರುಗಿಸುವರು. ಅವರ ಹೆಸರು ನಿಂತದ್ದೇ ಆ ಸುತ್ತಿನ ಮೇಲೆ. ಆದರೆ ಸೋರದ ಅವರ ಪೈಪುಗಳನ್ನು ಉಪ್ಪು ತಿಂದುಹಾಕಿತು. ಹತ್ತು ವರ್ಷದಿಂದ ಜನ ಅವನ್ನು ಒಂದೊಂದಾಗಿ ಕಿತ್ತು ಗುಜರಿಗೆ ಹಾಕುವುದನ್ನು ಆಶಾನ್ ದಾರಿಯಲ್ಲಿ ನಿಂತು ನೋಡಿದ್ದರು.

ಪಂಚಾಯಿತಿಯವರು ಹೆಂಗಸರಿಗೆ ಪ್ಲಂಬಿಂಗ್ ಕಲಿಸಿದಾಗ ಹನ್ನೆರಡು ಮಂದಿಯಲ್ಲಿ ಬ್ರಿಜೀತಳೂ ಒಬ್ಬಳು. ಆಶಾನರ ಮಗ, ಅವಳ ಗಂಡ ಜೋಪ್ಪನ್ ಮೀನು ಹಿಡಿಯುವ ಟ್ರಾಲರಿನಲ್ಲಿ ಹೋದರೆ ಹತ್ತು ದಿನ ಕಡಲಲ್ಲೇ, ಮನೆ ನಡೆಯಬೇಕಿತ್ತು. ಉಳಿದ ಹನ್ನೊಂದು ಮಂದಿ ಗಂಡಸರ ಕುಹಕಕ್ಕೆ ಬೇಸತ್ತು ಬಿಟ್ಟರು, ಇವಳು ಬಿಡಲಿಲ್ಲ. ಆಶಾನ್ ಎರಡು ವಾರ ಇವಳೊಡನೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ಮರಗೆಣಸು ಸುಲಿಯುತ್ತಿದ್ದವಳ ಪಕ್ಕ ಕೂತು, ನೀರು ಎಲ್ಲಿ ಓಡುತ್ತದೆ, ಎಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ ಎಂದು ಹೇಳಿಕೊಡಲು ಶುರು ಮಾಡಿದರು. ಪ್ಲಾಸ್ಟಿಕ್ಕಿನ ವಿಷಯ ಬಂದರೆ ಮಾತ್ರ "ಬೊಂಬೆ ಸಾಮಾನು" ಎಂದು ಮೂಗು ಮುರಿಯುತ್ತಿದ್ದರು. ಆ ಮನುಷ್ಯ ನಿನ್ನೆ ಬಂದದ್ದು ಕೇಡಿಗಲ್ಲ. ಸೊಸೆಯ ಮೊದಲ ಮನೆ, ಎಲ್ಲಿ ಸೋರಿಬಿಡುತ್ತದೋ ಎಂಬ ಚಿಂತೆಗೆ ಬಂದು, ತಮಗೆ ಗೊತ್ತಿದ್ದ ಒಂದೇ ಧೈರ್ಯವನ್ನು ಹದಿನೇಳು ಸಲ ಕೊಟ್ಟುಹೋಗಿದ್ದರು.

ಒಂದೇ ಎಲ್ಬೋ ಬದಲಿಸಿದರೆ ಮುಳ್ಳು ಹತ್ತಕ್ಕೆ ನಿಲ್ಲುತ್ತದೆ. ನಾಳೆ ಟೈಲ್ಸ್ ಮುಚ್ಚುತ್ತದೆ. ಎಲ್ಲರೂ ಭೇಷ್ ಅನ್ನುತ್ತಾರೆ. ಉಳಿದ ಹದಿನಾರು ಇವತ್ತು ಸೀಳಿಲ್ಲ, ಅಷ್ಟೆ. ಅಷ್ಟು ಬಿಗಿ ತಿಂದ ಪ್ಲಾಸ್ಟಿಕ್ಕು ಮುಂದೊಂದು ದಿನ ಟೈಲ್ಸಿನ ಹಿಂದೆ ಸದ್ದಿಲ್ಲದೆ ಬಾಯಿ ಬಿಡುತ್ತದೆ. ಸುಮ್ಮನಿದ್ದುಬಿಡಲೇ ಎಂಬ ಆಸೆ ಅವಳಿಗೂ ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಾಲು ಗಂಟೆ ಆ ಆಸೆಯ ಜೊತೆಯೇ ಬಕೆಟ್ಟಿನ ಮೇಲೆ ಕೂತಿದ್ದಳು.

ಕೊನೆಗೆ ಎದ್ದು ಹೋಗಿ ಹೇಳಿದಳು. "ಚೇಟ್ಟ, ಹದಿನೇಳು ಎಲ್ಬೋನೂ ತೆಗೆದು ಹೊಸದು ಹಾಕ್ಬೇಕು. ಬಿಗಿ ಮಾಡೋದ್ರಲ್ಲಿ ತಪ್ಪಾಗಿದೆ. ಸಾಯಂಕಾಲಕ್ಕೆ ಮುಗಿಸ್ತೀನಿ, ನಾಳೆ ಬೆಳಿಗ್ಗೆ ಮತ್ತೆ ನೋಡೋಣ."

ದಿವಾಕರನ್ ಮುಖ ಕೆಂಪಾಯಿತು. "ಯಾರ ತಪ್ಪು?"

"ನಂದೇ" ಅಂದಳು ಬ್ರಿಜೀತ.

"ಅಂದೇ ಹೇಳ್ದೆ ನಾನು! ಹೆಂಗಸಿನ ಕೈಯಲ್ಲಿ ಬಲ ಎಲ್ಲಿರುತ್ತೆ? ಸರಿಯಾಗಿ ಬಿಗಿ ಮಾಡೋಕ್ಕಾಗ್ದೆ ಈಗ ಎಲ್ಲಾ ಕಿತ್ತಾಕ್ತೀನಿ ಅಂತಾಳೆ. ಅಸೀಸ್ ಬಂದು ಕಾಯೋನಲ್ಲ. ಗುರುವಾರಕ್ಕೆ ಊರೆಲ್ಲ ಕರೆದಿದ್ದೀನಿ!"

ಬಲ ಕಮ್ಮಿಯಾಗಿ ಅಲ್ಲ, ಹೆಚ್ಚಾಗಿ ಸೀಳಿದ್ದು ಎನ್ನುವುದು ನಾಲಿಗೆ ತುದಿಗೆ ಬಂತು. ಅದನ್ನು ನುಂಗಿಕೊಂಡಳು. ಅಂಗಡಿಗೆ ಓಡಿ ಎಲ್ಬೋ ತಂದಳು. ನೀರು ಇಳಿಸಿ, ಕತ್ತರಿಸಿ, ಒರೆಸಿ, ಸಲ್ಯೂಷನ್ ಹಚ್ಚಿ ಒತ್ತಿ ಹಿಡಿದು ಕಾದು, ಮುಂದಿನದಕ್ಕೆ ಹೋದಳು. ಒತ್ತಿ ಹಿಡಿದಾಗಲೆಲ್ಲ ಮೂವತ್ತರವರೆಗೆ ಎಣಿಸುತ್ತಿದ್ದಳು. ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚಲೇ ಇಲ್ಲ.

ಮೂರು ಗಂಟೆಗೆ ಪೈಲಿ ಆಶಾನ್ ಬಂದರು. ಸೊಸೆಯ ಕೆಲಸ ಪಾಸಾದದ್ದನ್ನು ನೋಡಲು ಒಗೆದ ಮುಂಡು ಉಟ್ಟುಕೊಂಡು ಬಂದಿದ್ದರು. ನೆಲದ ಮೇಲೆ ಪ್ಲಗ್ಗಿನ ಸಮೇತ ಕತ್ತರಿಸಿ ಬಿದ್ದ ಎಲ್ಬೋಗಳ ರಾಶಿ ಕಂಡು ನಿಂತರು. ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಆ ಹಲ್ಲಿನ ಗುರುತನ್ನು ಸವರಿದರು.

"ನೋಡಿ ಆಶಾನೇ, ನಿಮ್ಮ ಸೊಸೆ ಮಾಡಿದ ಕೆಲಸ!" ಅಂದ ದಿವಾಕರನ್.

"ಇವಳಲ್ಲ. ನಾನು" ಅಂದರು ಆಶಾನ್. "ನಿನ್ನೆ ಬಂದು ರೆಂಚು ಹಾಕಿ ಬಿಗಿದೆ. ಕಬ್ಬಿಣಕ್ಕೆ ಬಿಗಿಯೋ ಹಾಗೆ ಇದಕ್ಕೆ ಬಿಗಿಬಾರದಿತ್ತು. ಕೆಡಿಸಿದ್ದು ನನ್ನ ಕೈ."

ಎಪ್ಪತ್ತಮೂರು ವರ್ಷದ ಬಾಯಿಂದ ಆ ಮಾತು ಬಂದಾಗ ಬ್ರಿಜೀತಳಿಗೆ ನೆಲ ನೋಡುವಂತಾಯಿತು. ದಿವಾಕರನ್ ಮಾತ್ರ ನಕ್ಕುಬಿಟ್ಟ.

"ಬಿಡಿ ಆಶಾನೇ, ಸೊಸೆ ಮಾನ ಕಾಯೋಕೆ ನೀವು ಇಷ್ಟು ಮಾಡ್ಬೇಕಾ? ನಿಮ್ಮ ಕೈ ಕೆಡಿಸುತ್ತೆ ಅಂದ್ರೆ ನಂಬೋಕೆ ನಾನೇನು ನಿನ್ನೆ ಹುಟ್ಟಿದ್ದಾ?"

"ಹೌದೋ, ನಾನೇ ಕಣೋ!"

"ಆಯ್ತು, ಆಯ್ತು. ದೊಡ್ಡ ಮನಸ್ಸು ನಿಮ್ದು."

ಆಶಾನ್ ಅವನನ್ನೂ ಇವಳನ್ನೂ ನೋಡಿದರು. ಆಮೇಲೆ ಮುಂಡು ಮೇಲೆ ಕಟ್ಟಿ, ಕಷ್ಟಪಟ್ಟು ನೆಲಕ್ಕೆ ಕೂತು, ಹೊಸ ಪ್ಲಗ್ಗುಗಳಿಗೆ ಟೇಪ್ ಸುತ್ತಿ ಸುತ್ತಿ ಸೊಸೆಯ ಕೈಗೆ ಕೊಡತೊಡಗಿದರು. ಐದಾರು ಕೊಟ್ಟ ಮೇಲೆ, "ಕಾಲು ಸುತ್ತು ಅಂದ್ರೆ ಎಷ್ಟು, ತೋರ್ಸು ಮೋಳೆ" ಎಂದು ಮಗಳನ್ನು ಕರೆಯುವ ಹಾಗೆ ಕೇಳಿದರು. ಅವಳು ತೋರಿಸಿದಳು. "ಇಷ್ಟೇನಾ!" ಅಂದರು. ಅವರಿಗೆ ಅದರಲ್ಲಿ ನಂಬಿಕೆ ಬಂದಂತೆ ಕಾಣಲಿಲ್ಲ.

ಮರುದಿನ ಆರಕ್ಕೆ ಪಂಪು ಒತ್ತಿದರು. ಮುಳ್ಳು ಹತ್ತಕ್ಕೆ ಹೋಗಿ ನಿಂತಿತು. ಏಳಾಯಿತು, ಎಂಟಾಯಿತು, ಅಸೀಸ್ ಸಿಮೆಂಟು ಕಲಸಲು ಶುರು ಮಾಡಿದ, ಅದು ಹತ್ತರಲ್ಲೇ ಇತ್ತು. ಗುರುವಾರ ಹಾಲು ಉಕ್ಕಿತು. ಜೆಟ್ಟಿಯಲ್ಲಿ ದಿವಾಕರನ್ ಸಾರಿದ್ದೂ ಆಯಿತು: ಪ್ಲಾಸ್ಟಿಕ್ಕೇನೋ ಪರವಾಗಿಲ್ಲ, ಆದರೆ ಸೊಸೆ ಕೆಡಿಸಿದ್ದನ್ನು ಆಶಾನ್ ಬಂದು ಕೂತು ಸರಿಪಡಿಸಿಕೊಟ್ಟರು! ಆಶಾನ್ ಕಂಡಕಂಡವರ ಮುಂದೆ ಕೆಡಿಸಿದವನು ನಾನೇ ಎಂದು ಕೂಗಾಡಿದಷ್ಟೂ ಜನ ತಲೆದೂಗಿ, ಇಂಥ ಮಾವ ಸಿಗಲು ಪುಣ್ಯ ಮಾಡಿರಬೇಕು ಅನ್ನುತ್ತಿದ್ದರು. ಎರಡು ತಿಂಗಳು ಬ್ರಿಜೀತಳಿಗೆ ಸಿಂಕು ಬಿಟ್ಟರೆ ಬೇರೆ ಕೆಲಸ ಬರಲಿಲ್ಲ.

ಮೂರನೆಯ ತಿಂಗಳು ಲಿಸ್ಸಿ ಟೀಚರ್ ಕರೆಸಿದರು. ಹೊಸ ಮನೆ, ಪೂರ್ತಿ ಕೆಲಸ. ಆದರೆ ಒಂದು ಷರತ್ತು.

"ಕೆಲಸ ನೀನೇ ಮಾಡು. ಕೊನೆಗೆ ಆಶಾನ್ ಬಂದು ತಮ್ಮ ಕೈಯಾರೆ ಒಂದು ಸುತ್ತು ಬಿಗಿ ಮಾಡಿ ಕೊಡ್ಬೇಕು. ಆಗ ನಂಗೆ ನಿದ್ದೆ ಬರುತ್ತೆ."

ಬೇಡ ಅಂದರೆ ಕೆಲಸ ಹೋಗುತ್ತದೆ, ಹೂಂ ಅಂದರೆ ಎಲ್ಬೋ ಹೋಗುತ್ತದೆ. ಬ್ರಿಜೀತ ಮನೆಯಲ್ಲಿ ವಿಷಯ ಹೇಳಿದಾಗ ಆಶಾನ್ "ಬರ್ತೀನಿ" ಅಂದರು, ಅಷ್ಟೆ. ಹೆಚ್ಚಿಗೆ ಕೇಳಲು ಅವಳಿಗೆ ಧೈರ್ಯವಾಗಲಿಲ್ಲ. ಕೆಲಸ ಮುಗಿದ ದಿನ ಅವರು ಮಂಚದ ಕೆಳಗಿನ ರೆಂಚನ್ನು ಹೆಗಲಿಗೆ ಹಾಕಿಕೊಂಡು ಹೊರಟಾಗ ಅವಳ ಜೀವ ಬಾಯಿಗೆ ಬಂತು.

ಟೀಚರ್ ಕಣ್ಣೆದುರೇ ಆಶಾನ್ ಮೊದಲನೆಯ ಬಾಯಿಯ ಮುಂದೆ ಮಂಡಿಯೂರಿ, ರೆಂಚಿನ ದವಡೆಯನ್ನು ಪ್ಲಗ್ಗಿಗೆ ಹಾಕಿದರು. ಬ್ರಿಜೀತ ಕಣ್ಣು ಮುಚ್ಚಿಕೊಂಡಳು. ಆಶಾನ್ ಮುಕ್ಕರಿಸುವುದು ಕೇಳಿಸಿತು. ತಡೆಯಲಾರದೆ ಕಣ್ಣು ಬಿಟ್ಟಳು. ಕುತ್ತಿಗೆಯ ನರ ಉಬ್ಬಿತ್ತು, ತೋಳು ನಡುಗುತ್ತಿತ್ತು, ರೆಂಚಿನ ಹಿಡಿ ಅರ್ಧ ಸುತ್ತು ಬಂತು. ದವಡೆ ಮಾತ್ರ ಸಡಿಲವಾಗಿ ಪ್ಲಗ್ಗಿನ ಸುತ್ತ ಗಾಳಿಯಲ್ಲೇ ತಿರುಗುತ್ತಿತ್ತು. ಪ್ಲಗ್ಗು ಅವಳು ಕೂರಿಸಿದಲ್ಲಿಂದ ಎಳ್ಳಷ್ಟೂ ಅಲುಗಲಿಲ್ಲ.

"ಕೈ ಅಂದ್ರೆ ಇದು! ನೋಡಿ ಕಲಿ ಬ್ರಿಜೀತೇ" ಅಂದರು ಟೀಚರ್.

ಅವಳು ತುಟಿ ಕಚ್ಚಿಕೊಂಡು ತಲೆಯಾಡಿಸಿದಳು. ನಗು ಬಂತೋ ಅಳು ಬಂತೋ, ಮುಖ ಆಚೆ ತಿರುಗಿಸಬೇಕಾಯಿತು. ಟೀಚರ್ ಚಹಾ ತರಲು ಒಳಗೆ ಹೋದ ಮೇಲೆ ಆಶಾನ್ ಸೊಂಟ ಹಿಡಿದುಕೊಂಡು ಪಿಸುಗುಟ್ಟಿದರು.

"ನಿಜವಾಗಿ ಬಿಗಿ ಮಾಡೋದೇ ಸುಲಭ ಮೋಳೆ. ಇನ್ನೆಷ್ಟಿದೆ?"

"ಹನ್ನೊಂದು, ಅಪ್ಪಚ್ಚ."

"ನನ್ನ ದೇವಮಾತಾವೇ!" ಎಂದು ನಿಟ್ಟುಸಿರು ಬಿಟ್ಟು, ಆಶಾನ್ ರೆಂಚನ್ನೆತ್ತಿಕೊಂಡು ಮುಂದಿನದರ ಮುಂದೆ ಮಂಡಿಯೂರಿದರು.